ಇಪ್ಪತ್ತಕ್ಕೆ ಇಪ್ಪತ್ತೂ 'ಒಪ್ಪುತ್ತೇನೆ': ಕ್ಯಾನ್ಸರ್ ವಾರ್ಡಿನಲ್ಲಿ ಸಹನೆ ಅಳೆಯಲು ಹೋದ ನನ್ನ ಅನುಭವ

ನಾನು ತಯಾರಿಸಿದ ಮೊದಲ ಪ್ರಶ್ನಾವಳಿಯಲ್ಲಿ 20 ಹೇಳಿಕೆಗಳಿದ್ದವು. ಪ್ರತಿ ಹೇಳಿಕೆಯ ಮುಂದೆ ಐದು ಮನೆ, 'ಸ್ವಲ್ಪವೂ ಒಪ್ಪುವುದಿಲ್ಲ'ದಿಂದ 'ಪೂರ್ತಿ ಒಪ್ಪುತ್ತೇನೆ' ತನಕ. ಸ್ತನ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿದ್ದ ಒಬ್ಬ ಹೆಂಗಸು ಐದೇ ನಿಮಿಷದಲ್ಲಿ ತುಂಬಿ ವಾಪಸ್ ಕೊಟ್ಟರು. ನೋಡಿದರೆ ಇಪ್ಪತ್ತಕ್ಕೆ ಇಪ್ಪತ್ತೂ 'ಪೂರ್ತಿ ಒಪ್ಪುತ್ತೇನೆ'. 'ನನ್ನ ಕಷ್ಟವನ್ನು ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ' ಎಂಬುದಕ್ಕೂ ಒಪ್ಪಿಗೆ. 'ಬೇಜಾರಾದರೆ ಯಾರ ಹತ್ತಿರವಾದರೂ ಹೇಳಿಕೊಂಡು ಹಗುರಾಗುತ್ತೇನೆ' ಎಂಬುದಕ್ಕೂ ಒಪ್ಪಿಗೆ.

ಅರ್ಧ ಹೇಳಿಕೆಗಳು ನೇರ, ಅರ್ಧ ಉಲ್ಟಾ; ಉಲ್ಟಾ ಹೇಳಿಕೆಯನ್ನು ಒಪ್ಪಿದರೆ ಸಹನೆಯ ಅಂಕ ಕಡಿಮೆ. ಹಾಗಾಗಿ ಅಂಕ ಕೂಡಿದಾಗ ಅವರು ಸರಿಯಾಗಿ ನಡುಮಧ್ಯಕ್ಕೆ ಬಂದು ಕೂತರು. ಕಾಗದದ ಪ್ರಕಾರ ಸಾಧಾರಣ ಸಹನೆಯ ವ್ಯಕ್ತಿ. ನಾನು ಪಕ್ಕದಲ್ಲಿ ಕೂತು ಕೇಳಿದೆ, "ಅಮ್ಮಾ, ಇವೆರಡೂ ಒಂದಕ್ಕೊಂದು ಉಲ್ಟಾ ಅಲ್ವಾ?"

"ಓದಿದೋರು ಬರೆದಿದ್ದು, ತಪ್ಪಿರತ್ತಾ ಮೇಡಂ?" ಅಂದರು.

ನನ್ನ ಪ್ರಶ್ನಾವಳಿ ಅಳೆದದ್ದು ಅವರ ಸಹನೆಯನ್ನಲ್ಲ, ಅವರ ಸೌಜನ್ಯವನ್ನು. ಕ್ಯಾನ್ಸರ್ ಇರುವವರ ಮನಸ್ಸಿನ ಬಗ್ಗೆ ಕೆಲಸ ಮಾಡುವ ಮನಶ್ಶಾಸ್ತ್ರಜ್ಞೆ ನಾನು. ಆ ಒಂದು ಹಾಳೆಯ ನಂತರ ನನ್ನ ಕೆಲಸದ ದಿಕ್ಕೇ ಬದಲಾಯಿತು. ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಮಾಡಿದ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ.

ಇದೆಲ್ಲ ಶುರುವಾಗಿದ್ದು ನೋವಿನ ಚಿಕಿತ್ಸೆ ನೋಡಿಕೊಳ್ಳುವ ಡಾಕ್ಟರ್ ಒಬ್ಬರ ಗೊಣಗಾಟದಿಂದ. "ಸೊನ್ನೆಯಿಂದ ಹತ್ತರ ಒಳಗೆ ನೋವು ಎಷ್ಟು ಅಂತ ಕೇಳ್ತೀನಿ. ಎರಡು ಅಂತಾರೆ. ನರ್ಸ್ ಹೇಳ್ತಾಳೆ ರಾತ್ರಿಯಿಡೀ ಎದ್ದು ಕೂತಿದ್ರು ಅಂತ. ನಾನು ಯಾರನ್ನ ನಂಬಲಿ?" ಎರಡು ಅಂದರೆ ಮಾತ್ರೆ ಜಾಸ್ತಿ ಮಾಡುವುದಿಲ್ಲ. ಏಳು ಅಂದರೆ ಅದೇ ದಿನ ಮಾರ್ಫಿನ್ ಯೋಚನೆ ಬರುತ್ತದೆ. ಅಂದರೆ ಕಡಿಮೆ ಹೇಳುವ ಅಭ್ಯಾಸಕ್ಕೆ ಬೆಲೆ ತೆರುವವರು ರೋಗಿಗಳೇ. ಯಾರು ಕಡಿಮೆ ಹೇಳುತ್ತಾರೆ, ಯಾಕೆ ಹೇಳುತ್ತಾರೆ, ಅದು ಸ್ವಭಾವವಾ, ಪರಿಸ್ಥಿತಿಯಾ? ಇದನ್ನು ಮೊದಲೇ ತಿಳಿಯುವ ದಾರಿ ಇದ್ದರೆ ಒಳ್ಳೆಯದು ಅನ್ನಿಸಿತು. ಆ ದಾರಿ ಹುಡುಕುತ್ತಾ 'ಸ್ಟೋಯಿಸಿಸಂ' ಎಂಬ ಪದಕ್ಕೆ ಬಂದು ನಿಂತೆ.

ಮೂಲದಲ್ಲಿ ಅದು ಗ್ರೀಕರ ತತ್ವಶಾಸ್ತ್ರ. ಕ್ರಿ.ಪೂ. 300ರ ಸುಮಾರಿಗೆ ಜೀನೋ ಅಥೆನ್ಸಿನ ಒಂದು ಕಂಬಸಾಲಿನ ಕೆಳಗೆ ಪಾಠ ಹೇಳುತ್ತಿದ್ದ. ಆ ಕಂಬಸಾಲಿಗೆ 'ಸ್ಟೋಆ' ಅಂತ ಹೆಸರು, ಪದ ಬಂದದ್ದು ಅಲ್ಲಿಂದ. ನಮ್ಮ ಕೈಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಬೇರೆ ಮಾಡಿ ನೋಡಬೇಕು ಎಂಬುದು ಆ ಪರಂಪರೆಯ ಎಪಿಕ್ಟೀಟಸ್‌ನ ಮಾತಿನ ಸಾರ. ನೋವು ಮುಚ್ಚಿಡಿ ಅಂತ ಅವರ್ಯಾರೂ ಹೇಳಿಕೊಡಲಿಲ್ಲ. ಆದರೆ ಆಸ್ಪತ್ರೆಯಲ್ಲಿ 'ಸ್ಟೋಯಿಕ್ ಪೇಷಂಟ್' ಅಂದರೆ ಅರ್ಥ ಬೇರೆ. ಹಲ್ಲು ಕಚ್ಚಿಕೊಂಡು ಸುಮ್ಮನಿರುವವರು, ಅಳದವರು, ಬೆಲ್ ಒತ್ತದವರು. ಒಂದೇ ಪದದಲ್ಲಿ ಇಷ್ಟೆಲ್ಲ ತುಂಬಿದೆ ಅನ್ನುವುದೇ ಮೊದಲ ತೊಡಕು.

ಅಳತೆಗೋಲುಗಳೇನೋ ಇದ್ದವು. ವ್ಯಾಗ್‌ಸ್ಟಾಫ್ ಮತ್ತು ರೌಲೆಜ್ 1995ರಲ್ಲಿ ಕೊಟ್ಟ ಲಿವರ್‌ಪೂಲ್ ಸ್ಟೋಯಿಸಿಸಂ ಸ್ಕೇಲ್‌ನಲ್ಲಿ 20 ಹೇಳಿಕೆಗಳು. ಭಾವನೆ ತೋರಿಸದಿರುವುದೇ ಅದರ ತಿರುಳು. ನನ್ನ ಮೊದಲ ಕರಡು ಅದರ ಜಾಡಿನಲ್ಲೇ ಹೋಗಿತ್ತು. ವಯಸ್ಸಾದವರು ನೋವನ್ನು ಯಾಕೆ ಕಡಿಮೆ ಹೇಳುತ್ತಾರೆ ಎಂದು ನೋಡಲು ಯಾಂಗ್ ಮತ್ತು ಜೊತೆಯವರು 2001ರಲ್ಲಿ ನೋವಿನ ಧೋರಣೆಗಳ ಪ್ರಶ್ನಾವಳಿಯೊಂದನ್ನು ಮಾಡಿದರು. ಅದರಲ್ಲಿ ಸಹಿಸುವ ಗುಣ ಒಂದು ಕಡೆ, 'ಇದು ನಿಜಕ್ಕೂ ನೋವೇನಾ' ಎಂದು ಅನುಮಾನಿಸುವ ಎಚ್ಚರಿಕೆ ಇನ್ನೊಂದು ಕಡೆ. ನನಗೆ ಹೆಚ್ಚು ಹಿಡಿಸಿದ್ದು 2017ರ ಪಾಠಕ್–ವೀಟನ್ ಸ್ಕೇಲ್. ಬರೀ 12 ಹೇಳಿಕೆ. ಆದರೆ ನಾಲ್ಕು ಬೇರೆ ಬೇರೆ ಭಾಗ: ಬಾಯಿ ಬಿಡದಿರುವುದು, ತಡೆದುಕೊಳ್ಳುವುದು, ಕದಡದೆ ಶಾಂತವಾಗಿರುವುದು, ಸಾವಿಗೆ ಅಂಜದಿರುವುದು.

ಈ ನಾಲ್ಕನ್ನೂ ಬೇರೆ ಇಟ್ಟಿದ್ದು ಎಷ್ಟು ದೊಡ್ಡ ಉಪಕಾರ ಅಂತ ನನಗೆ ಅರ್ಥವಾಗಲು ವಾರ್ಡಿಗೆ ಹೋಗಬೇಕಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೇಳಿಕೆಗಳನ್ನು ಕನ್ನಡಕ್ಕೆ ತಂದ ಕಥೆ. ಪದ್ಧತಿ ಎಲ್ಲರಿಗೂ ಗೊತ್ತಿರುವುದೇ: ಇಬ್ಬರು ಬೇರೆ ಬೇರೆ ಕೂತು ಅನುವಾದ ಮಾಡುವುದು, ಎರಡನ್ನೂ ಹೊಂದಿಸಿ ಒಂದು ಮಾಡುವುದು, ಮೂಲ ನೋಡದ ಇನ್ನಿಬ್ಬರಿಂದ ವಾಪಸ್ ಇಂಗ್ಲಿಷಿಗೆ ತರಿಸುವುದು. ನಮ್ಮದು ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಯಿತು. ಆದರೆ ಓದಿದ ನಾಲ್ವರು ಇನ್ನೊಬ್ಬ ಓದಿದವರಿಗಾಗಿ ಮಾಡಿದ ಅನುವಾದ ಅದು. ಹಾಸಿಗೆಯ ಪಕ್ಕಕ್ಕೆ ಬಂದ ಕೂಡಲೇ ಕುಸಿಯಿತು.

'ನಾನು ನನ್ನ ಭಾವನೆಗಳನ್ನು ನಿಯಂತ್ರಿಸುತ್ತೇನೆ' ಎಂದು ಓದಿದೆ. ಬಾಯಿ ಕ್ಯಾನ್ಸರ್ ಆಪರೇಷನ್ ಆಗಿದ್ದ ಒಬ್ಬರು ಯೋಚಿಸಿ ಕೇಳಿದರು, "ಯಾವ ಭಾವನೆ? ಸಿಟ್ಟಾ?" ಹೌದಲ್ಲ! ಸಿಟ್ಟು ನುಂಗುವವರು ಅಳು ನುಂಗಬೇಕು ಅಂತೇನಿಲ್ಲ. ದುಃಖ ಮುಚ್ಚಿಡುವವರು ಮನೆಯಲ್ಲಿ ಕೂಗಾಡುತ್ತಿರಬಹುದು. ವ್ಯಾಟ್ಸನ್ ಮತ್ತು ಗ್ರೀರ್ 1983ರಲ್ಲೇ ಮಾಡಿದ ಕೋರ್ಟಾಲ್ಡ್ ಸ್ಕೇಲ್ ಸಿಟ್ಟು, ಆತಂಕ, ದುಃಖ ಮೂರನ್ನೂ ಬೇರೆ ಬೇರೆ ಕೇಳುತ್ತದೆ. ಅವರಿಗೆ ಗೊತ್ತಿದ್ದದ್ದು ನನಗೆ ಆ ರೋಗಿ ಹೇಳಿಕೊಡಬೇಕಾಯಿತು.

ಒಂದು ಹೇಳಿಕೆಯಲ್ಲಿ ಯಾರೋ 'ಕಲ್ಲು ಮನಸ್ಸು' ಅಂತ ಬರೆದಿದ್ದರು. ಗಟ್ಟಿ ಮನಸ್ಸು ಅನ್ನುವ ಅರ್ಥದಲ್ಲಿ. ಓದಿದವರೆಲ್ಲ ಮುಖ ಸಿಂಡರಿಸಿದರು. ಕಲ್ಲು ಮನಸ್ಸು ಅಂದರೆ ಕರುಣೆ ಇಲ್ಲದವರು ಅಲ್ವಾ? ಅದನ್ನು ಯಾರು ತಾನೇ ಒಪ್ಪುತ್ತಾರೆ. ತೆಗೆದುಹಾಕಿದೆವು.

ಇದಕ್ಕಿಂತ ದೊಡ್ಡ ತಲೆನೋವು 'ಇಲ್ಲ'. ಸಹನೆಯ ಹೇಳಿಕೆಗಳು ಸಹಜವಾಗಿಯೇ ನಕಾರದಲ್ಲಿರುತ್ತವೆ. ಅಳುವುದಿಲ್ಲ, ಹೇಳುವುದಿಲ್ಲ, ತೋರಿಸುವುದಿಲ್ಲ. 'ನೋವಾದರೆ ಯಾರಿಗೂ ಹೇಳುವುದಿಲ್ಲ' ಎಂದು ಓದಿದರೆ ಒಬ್ಬರು "ಹ್ಞೂಂ, ಹೇಳಲ್ಲ" ಅನ್ನುತ್ತಾರೆ. ಇನ್ನೊಬ್ಬರು ಅದೇ ಅರ್ಥದಲ್ಲಿ "ಇಲ್ಲ ಇಲ್ಲ, ಹೇಳಲ್ಲ" ಅನ್ನುತ್ತಾರೆ. ಈ 'ಇಲ್ಲ'ವನ್ನು ನಮ್ಮ ಸಹಾಯಕರು 'ಒಪ್ಪುವುದಿಲ್ಲ' ಮನೆಗೆ ಹಾಕಿದ್ದರು! ಎಷ್ಟು ಹಾಳೆಗಳಲ್ಲಿ ಹೀಗಾಗಿದೆ ಅಂತ ಲೆಕ್ಕ ಸಿಗದ ಕಾರಣ ಆ ಇಡೀ ಕಟ್ಟನ್ನು ಪಕ್ಕಕ್ಕೆ ಇಟ್ಟೆವು. ಎರಡು ತಿಂಗಳ ಕೆಲಸ. ಆಮೇಲೆ ಎಲ್ಲವನ್ನೂ ಸಕಾರದ ಕ್ರಿಯಾಪದದಲ್ಲಿ ತಿರುಗಿ ಬರೆದೆವು. 'ಹೇಳುವುದಿಲ್ಲ' ಹೋಗಿ 'ನನ್ನಲ್ಲೇ ಇಟ್ಟುಕೊಳ್ಳುತ್ತೇನೆ' ಬಂತು. 'ಅಳುವುದಿಲ್ಲ' ಹೋಗಿ 'ಅಳು ಬಂದರೂ ನುಂಗಿಕೊಳ್ಳುತ್ತೇನೆ' ಬಂತು. ನುಂಗು, ಅದುಮು, ಮುಚ್ಚಿಡು, ತಡೆದುಕೋ. ಈ ವಿಷಯದಲ್ಲಿ ಕನ್ನಡಕ್ಕೆ ಪದದ ಬಡತನವೇ ಇಲ್ಲ. ನಾವೇ ಸುಮ್ನೆ 'ಭಾವನಾತ್ಮಕ ಅಭಿವ್ಯಕ್ತಿ'ಯ ಹಿಂದೆ ಓಡುತ್ತಿದ್ದೆವು.

ಐದು ಮನೆಯ ಮಧ್ಯದ್ದೂ ಹೀಗೇ. 'ಒಪ್ಪುವುದೂ ಇಲ್ಲ, ಒಪ್ಪದಿರುವುದೂ ಇಲ್ಲ' ಎಂಬುದನ್ನು ಓದಿ ಒಬ್ಬರು ನಕ್ಕೇಬಿಟ್ಟರು. ಕೊನೆಗೆ ಪದಗಳನ್ನು ಕಡಿಮೆ ಮಾಡಿ ಐದು ವೃತ್ತ ಬರೆದೆವು, ಚಿಕ್ಕದರಿಂದ ದೊಡ್ಡದಕ್ಕೆ. ಈ ಮಾತು ನಿಮಗೆ ಎಷ್ಟು ಹೊಂದುತ್ತದೆ? ಸ್ವಲ್ಪ ಹೊಂದಿದರೆ ಚಿಕ್ಕ ವೃತ್ತ, ಪೂರ್ತಿ ಹೊಂದಿದರೆ ದೊಡ್ಡದು. ಕೈಯಲ್ಲಿ ತೋರಿಸಿದರೂ ಸಾಕು. ಒಪ್ಪುವ, ಒಪ್ಪದಿರುವ ಗೊಡವೆಯೇ ಇಲ್ಲ.

ಕೈ ಅಂದಾಗ ನೆನಪಾಯಿತು. ಕೀಮೋ ಕುರ್ಚಿಯಲ್ಲಿ ಕೂತವರಿಗೆ ಪೆನ್ನು ಕೊಟ್ಟಿದ್ದೆ, ಬರೆಯುವ ಕೈಗೇ ಸೂಜಿ ಚುಚ್ಚಿತ್ತು. ಪಾಪ, ಎಡಗೈಯಲ್ಲಿ ಗೀಚಿದರು, ಒಂದು ಮಾತೂ ಆಡದೆ. ಸಹನೆಯ ಅಳತೆ ಅಲ್ಲೇ ನಡೆದುಹೋಗಿತ್ತು, ನಾನು ಗಮನಿಸಲಿಲ್ಲ ಅಷ್ಟೇ.

ಇನ್ನು ಯೋಚನೆಯನ್ನು ಬಾಯಿಬಿಟ್ಟು ಹೇಳಿಸುವ ಸಂದರ್ಶನ. ಒಂದೊಂದು ಹೇಳಿಕೆ ಓದಿ, 'ಉತ್ತರ ಕೊಡುವಾಗ ನಿಮ್ಮ ತಲೆಯಲ್ಲಿ ಏನು ಬಂತು, ಹಾಗೇ ಹೇಳಿ' ಅಂತ ಕೇಳುವುದು. ಪ್ರಶ್ನಾವಳಿ ಮಾಡುವವರು ಈ ಹಂತವನ್ನು ಬೇಗ ಮುಗಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇದೇ.

'ನನ್ನ ನೋವನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ' ಎಂಬ ಒಂದೇ ಹೇಳಿಕೆಗೆ ದೊಡ್ಡ ವೃತ್ತ ತೋರಿಸಿದವರ ಕಾರಣಗಳನ್ನು ನೋಡಿ. ಒಬ್ಬರು ಹೇಳಿದರು, "ಹೇಳೋದ್ರಲ್ಲಿ ತಪ್ಪೇನಿಲ್ಲ, ಕೇಳೋರು ಬೇಕಲ್ಲ." ಇನ್ನೊಬ್ಬರು, "ಡಾಕ್ಟ್ರಿಗೆ ಹೇಳಿದ್ರೆ ಮುಂದಿನ ಕೀಮೋ ನಿಲ್ಲಿಸ್ತಾರೆ." ಮತ್ತೊಬ್ಬರು, "ನೋವು ಜಾಸ್ತಿ ಅಂದ್ರೆ ಕಾಯಿಲೆ ಜಾಸ್ತಿ ಆಗಿದೆ ಅಂತ ತಾನೆ? ನನ್ನ ಬಾಯಿಂದ ಯಾಕೆ ಹೇಳಿಸ್ತೀರಿ." ಒಬ್ಬ ಹುಡುಗನಿಗೆ ಮಾರ್ಫಿನ್ ಚಟವಾಗುತ್ತದೆ ಎಂಬ ಭಯ. ವಯಸ್ಸಾದ ಒಬ್ಬರಿಗೆ ಡಾಕ್ಟರ ಸಮಯ ಹಾಳು ಮಾಡಬಾರದು ಎಂಬ ಸಂಕೋಚ. ಒಬ್ಬರು ಮಾತ್ರ, ಒಬ್ಬರೇ ಒಬ್ಬರು, "ನಾನು ಇರೋದೇ ಹಾಗೆ, ಚಿಕ್ಕಂದಿನಿಂದ" ಅಂದರು.

ಸ್ಟೋಯಿಕ್ ಸ್ವಭಾವ ಅಂತ ಕರೆಯಬಹುದಾದದ್ದು ಆ ಕೊನೆಯದು. ಉಳಿದದ್ದೆಲ್ಲ ಲೆಕ್ಕಾಚಾರ, ಭಯ, ಸಂಕೋಚ, ಒಂಟಿತನ. ಅಂಕ ಮಾತ್ರ ಎಲ್ಲರಿಗೂ ಒಂದೇ. ಹೊಸದಾಗಿ ಏನೋ ಕಂಡುಹಿಡಿದೆ ಅಂತಲ್ಲ. ವಾರ್ಡ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಕ್ಯಾನ್ಸರ್ ನೋವಿನ ಬಗ್ಗೆ 27 ಪ್ರಶ್ನೆಗಳ 'ಅಡೆತಡೆ'ಗಳ ಪ್ರಶ್ನಾವಳಿ ಮಾಡಿದ್ದಾರೆ. ಚಟದ ಭಯ, ಅಡ್ಡ ಪರಿಣಾಮದ ಭಯ, ಕಾಯಿಲೆ ಬೆಳೆದಿದೆ ಎಂಬ ಭಯ, 'ಒಳ್ಳೆಯ ಪೇಷಂಟ್' ಆಗಿರಬೇಕು ಎಂಬ ಹಂಬಲ, ಎಲ್ಲ ಅದರಲ್ಲಿವೆ. ಆದರೆ ಅದು ನೋವಿನ ವಿಭಾಗದ ಸಾಮಾನು, ಸ್ಟೋಯಿಸಿಸಂ ವ್ಯಕ್ತಿತ್ವದ ವಿಭಾಗದ ಸಾಮಾನು. ಎರಡನ್ನೂ ಒಂದೇ ಮೇಜಿನ ಮೇಲೆ ಇಡಬೇಕು ಅಂತ ನನಗೆ ಹೊಳೆದದ್ದು ಆಗ. ಅಂದಿನಿಂದ ಸುಮ್ಮನಿರುವ ಗುಣ ಕೇಳುವಾಗಲೆಲ್ಲ ಎರಡು ಉಪಪ್ರಶ್ನೆ ಸೇರಿಸಿದ್ದೇನೆ: ಯಾರ ಮುಂದೆ? ಯಾಕೆ? ಹೆಂಡತಿಯ ಮುಂದೆ ಸುಮ್ಮನಿದ್ದು ನರ್ಸ್ ಮುಂದೆ ಎಲ್ಲ ಹೇಳುವವರಿದ್ದಾರೆ. ಅದು ಸ್ವಭಾವವಲ್ಲ, ಪ್ರೀತಿ.

ಸಾವಿನ ಹೇಳಿಕೆಗಳ ವಿಷಯದಲ್ಲಿ ನನಗೆ ಇವತ್ತಿಗೂ ಅಳುಕಿದೆ. ಆರೋಗ್ಯವಾಗಿರುವವರನ್ನು 'ಸಾವು ಬಂದರೆ ಹೆದರುವುದಿಲ್ಲ' ಅಂತ ಕೇಳಿದರೆ ಅದು ತತ್ವದ ಮಾತು. ಸ್ಕ್ಯಾನ್ ಆಗಿ ರಿಪೋರ್ಟ್‌ಗೆ ಕಾಯುತ್ತಿರುವವರನ್ನು ಕೇಳಿದರೆ ಬೇರೆಯೇ. ನಾನು ಓದಿ ಮುಗಿಸುವ ಮೊದಲೇ ಒಬ್ಬರು ಎದ್ದು ಕೂತರು. "ಮೇಡಂ, ನನ್ನ ರಿಪೋರ್ಟ್ ಬಂತಾ?" ಪ್ರಶ್ನೆ ಅವರ ಪಾಲಿಗೆ ಸುದ್ದಿಯಾಗಿ ಕೇಳಿಸಿತ್ತು. ಅವತ್ತು ಪ್ರಶ್ನಾವಳಿ ಮುಚ್ಚಿಟ್ಟು ಒಂದು ಗಂಟೆ ಅವರ ಜೊತೆ ಕೂತೆ. ಆಮೇಲೆ ನಿಯಮ ಮಾಡಿಕೊಂಡೆವು: ಈ ಭಾಗ ಕೊನೆಯಲ್ಲಿ, ಮೊದಲೇ ತಿಳಿಸಿ, 'ಬೇಡ' ಅನ್ನುವ ಹಕ್ಕು ಕೊಟ್ಟು, ಮತ್ತು ಸ್ಕ್ಯಾನ್ ಇರುವ ವಾರದಲ್ಲಿ ಇಲ್ಲವೇ ಇಲ್ಲ.

ಹಾಳೆಯ ತಲೆಬರಹದ್ದೂ ನನ್ನದೇ ತಪ್ಪು. 'ಕ್ಯಾನ್ಸರ್ ರೋಗಿಗಳಲ್ಲಿ ಸಹನೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. ಒಬ್ಬ ಮಗ ಆ ಭಾಗವನ್ನು ಮಡಿಸಿ ತಂದೆಯ ಕೈಗೆ ಕೊಟ್ಟ. ತಂದೆಗೆ ಗಡ್ಡೆ ಅಂತ ಮಾತ್ರ ಹೇಳಿದ್ದರು. ಮರುದಿನವೇ ತಲೆಬರಹ ತೆಗೆಸಿದೆ. ಯಾರಿಗೆ ಎಷ್ಟು ಗೊತ್ತಿದೆ ಎಂದು ಕೇಸ್ ಶೀಟ್ ನೋಡಿ, ಚಿಕಿತ್ಸೆ ಮಾಡುವವರನ್ನು ಕೇಳಿಯೇ ಹೋಗುವುದು ಈಗಿನ ಅಭ್ಯಾಸ.

ವ್ಯಕ್ತಿತ್ವದ ಕಡೆ ಬರೋಣ. ಸುಮ್ಮನಿರುವುದು ಸ್ವಭಾವವಾ ಎಂದು ತಿಳಿಯಲು ಅದನ್ನೂ ಅಳೆಯಬೇಕಿತ್ತು. ಐದು ದೊಡ್ಡ ಗುಣಗಳ ಮಾದರಿ ಎಲ್ಲರೂ ಬಳಸುವಂಥದು: ಹೊರಮುಖತೆ, ಹೊಂದಿಕೊಳ್ಳುವ ಗುಣ, ಶಿಸ್ತು, ಬೇಗ ಕದಡುವ ಮನಸ್ಸು, ಹೊಸದಕ್ಕೆ ತೆರೆದುಕೊಳ್ಳುವುದು. ಕೋಸ್ಟಾ ಮತ್ತು ಮೆಕ್‌ಕ್ರೇ ಈ ಗುಣಗಳಿಗೆ ಮಾಡಿದ ಪ್ರಶ್ನಾವಳಿಯ ಚಿಕ್ಕ ಆವೃತ್ತಿಯಲ್ಲೇ 60 ಪ್ರಶ್ನೆ. ಅದಕ್ಕೆ ಅನುಮತಿ, ದುಡ್ಡು ಬೇರೆ. ಕೀಮೋ ದಿನ 60 ಪ್ರಶ್ನೆ ಕೇಳುವುದು ಹಿಂಸೆ. ಹತ್ತೇ ಪ್ರಶ್ನೆಯ ಚಿಕ್ಕ ಅಳತೆಗೋಲುಗಳಿವೆ. ಗಾಸ್ಲಿಂಗ್ ಮತ್ತು ಜೊತೆಯವರದು 2003ರದ್ದು, ರಾಮ್‌ಸ್ಟೆಟ್ ಮತ್ತು ಜಾನ್ ಅವರದು 2007ರದ್ದು. ನಾವು ಹತ್ತರದ್ದನ್ನೇ ಹಿಡಿದೆವು. ಒಂದು ಗುಣಕ್ಕೆ ಎರಡೇ ಪ್ರಶ್ನೆ, ಹಾಗಾಗಿ ಕ್ರಾನ್‌ಬ್ಯಾಕ್ ಆಲ್ಫಾ, ಅಂದರೆ ಒಂದು ಗುಣದ ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಲೆಕ್ಕ, ಕಡಿಮೆ ಬರುತ್ತದೆ. ಅದು ಗಾಬರಿಯಾಗುವ ವಿಷಯವಲ್ಲ. ಒಂದೇ ಮಾತನ್ನು ಹತ್ತು ಸಲ ತಿರುಗಿಸಿ ಕೇಳಿದರೆ ಆಲ್ಫಾ ಏರುತ್ತದೆ, ಜ್ಞಾನ ಏರುವುದಿಲ್ಲ.

ನಿಜವಾದ ತೊಂದರೆ ಕಾಯಿಲೆಯೇ ವ್ಯಕ್ತಿತ್ವದ ವೇಷ ಹಾಕಿಕೊಂಡು ಬರುವುದು. 'ನಾನು ಚುರುಕಾಗಿ ಓಡಾಡಿಕೊಂಡಿರುತ್ತೇನೆ' ಎಂಬುದು ಹೊರಮುಖತೆಯ ಪ್ರಶ್ನೆ ಅಂದುಕೊಳ್ಳಿ. ಹಿಮೋಗ್ಲೋಬಿನ್ ಇಳಿದು, ಮೂರನೇ ಕೀಮೋ ಆಗಿ, ಬಾತ್‌ರೂಮಿಗೆ ಹೋಗಿಬರುವುದೇ ಸುಸ್ತಾದವರು ಏನು ಉತ್ತರ ಕೊಡುತ್ತಾರೆ? ಲೆಕ್ಕ ಅವರನ್ನು ಅಂತರ್ಮುಖಿ ಅನ್ನುತ್ತದೆ. ರಿಪೋರ್ಟ್‌ಗೆ ಕಾಯುವ ವಾರದಲ್ಲಿ ಯಾರ ಮನಸ್ಸು ತಾನೇ ಕದಡಿರುವುದಿಲ್ಲ? ಇನ್ನು ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್. ಆ ಸ್ಟೆರಾಯ್ಡ್ ತೆಗೆದುಕೊಂಡ ದಿನ ಕೆಲವರಿಗೆ ನಿದ್ದೆ ಹಾರುತ್ತದೆ, ಮಾತು ಜಾಸ್ತಿಯಾಗುತ್ತದೆ, ಸಣ್ಣದಕ್ಕೂ ಸಿಡುಕು. ಬುಧವಾರ ಒಬ್ಬರು, ಶುಕ್ರವಾರ ಇನ್ನೊಬ್ಬರು, ಮನುಷ್ಯ ಮಾತ್ರ ಒಂದೇ. ಮೆದುಳಿಗೆ ಹರಡಿದ್ದರಂತೂ ಸ್ವಭಾವದ ಬದಲಾವಣೆಯೇ ರೋಗದ ಲಕ್ಷಣ ಇರಬಹುದು. ಅದನ್ನು ಅಂಕ ಮಾಡಿ ಇಟ್ಟುಕೊಳ್ಳಬಾರದು, ಡಾಕ್ಟರಿಗೆ ಓಡಿಹೋಗಿ ಹೇಳಬೇಕು.

ಆದ್ದರಿಂದ ಪ್ರತಿ ಹಾಳೆಯ ಮೂಲೆಯಲ್ಲಿ ಕೊನೆಯ ಸ್ಟೆರಾಯ್ಡ್ ಯಾವಾಗ, ಮಾರ್ಫಿನ್ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಮುಂದಿನ ಸ್ಕ್ಯಾನ್ ಯಾವಾಗ ಎಂದು ಬರೆಯುತ್ತೇವೆ. ಸಮಯವನ್ನೂ ಬದಲಿಸಿದೆವು. ಕೀಮೋ ಹನಿಯುವಾಗ ಬೇಡ, ಅಲರ್ಜಿ ತಡೆಯುವ ಇಂಜೆಕ್ಷನ್‌ನಿಂದ ಕಣ್ಣು ಎಳೆಯುತ್ತಿರುತ್ತದೆ. ಬೆಳಗ್ಗೆ ರಕ್ತ ಕೊಟ್ಟು ರಿಪೋರ್ಟ್‌ಗೆ ಕಾಯುವ ಒಂದೆರಡು ಗಂಟೆ ಎಷ್ಟೋ ಮೇಲು. ಪ್ರಶ್ನೆಯನ್ನು 'ಕಾಯಿಲೆ ಬರುವ ಮುಂಚೆ ನೀವು ಹೇಗಿದ್ದಿರಿ' ಅಂತಲೂ 'ಈಗ ಹೇಗಿದ್ದೀರಿ' ಅಂತಲೂ ಎರಡು ಸಲ ಕೇಳುತ್ತೇವೆ. ಮುಂಚಿನ ದಿನಗಳು ನೆನಪಿನಲ್ಲಿ ಬಂಗಾರವಾಗಿರುತ್ತವೆ, ಅದು ಗೊತ್ತು. ಅದಕ್ಕೇ ಜೊತೆಗೆ ಬಂದವರನ್ನೂ ಬೇರೆ ಕೂರಿಸಿ ಕೇಳುತ್ತೇವೆ. "ನಾನು ಎಲ್ಲರ ಜೊತೆ ಬೆರೆಯೋನು" ಅಂತ ಒಬ್ಬರು ಹೇಳಿದ ದಿನವೇ ಅವರ ಹೆಂಡತಿ ಹೊರಗೆ ಹೇಳಿದರು, "ಇವರಾ? ಮೂವತ್ತು ವರ್ಷದಲ್ಲಿ ಮೂವತ್ತು ಮಾತಾಡಿದ್ರೆ ಹೆಚ್ಚು." ಆಮೇಲೆ ಗೊತ್ತಾಯಿತು, ಆತ ಸ್ನೇಹಿತರ ನಡುವೆ ನಿಜಕ್ಕೂ ಮಾತುಗಾರ. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಇನ್ನೊಂದು ವಿಷಯ ಬರೆಯದೆ ಮುಂದೆ ಹೋಗಲಾರೆ. ಪ್ರಶ್ನಾವಳಿ ಮುಗಿಸಿ ಪೆನ್ನು ಕೊಡುತ್ತಾ ಒಬ್ಬ ಹೆಂಗಸು ಕೇಳಿದರು, "ಎಲ್ಲ ಒಳಗೇ ಇಟ್ಕೊಂಡಿದ್ದಕ್ಕೇ ನನಗಿದು ಬಂತಾ?"

ನನ್ನ ಪ್ರಶ್ನೆಗಳೇ ಆ ಅನುಮಾನ ಹುಟ್ಟಿಸಿದ್ದವು. ಕ್ಯಾನ್ಸರ್ ತರುವ ವ್ಯಕ್ತಿತ್ವ ಅಂತ ಒಂದಿದೆ ಎಂಬ ನಂಬಿಕೆ ಹಳೆಯದು. ಸಿಟ್ಟು ನುಂಗುವ, ಎಲ್ಲರನ್ನೂ ಮೆಚ್ಚಿಸುವ ಸ್ವಭಾವಕ್ಕೆ 'ಟೈಪ್ ಸಿ' ಅಂತ ಹೆಸರೂ ಇಟ್ಟಿದ್ದರು. ಹಾನ್ಸ್ ಐಸೆಂಕ್ ಎಂಬ ಹೆಸರಾಂತ ಮನಶ್ಶಾಸ್ತ್ರಜ್ಞ ಗ್ರೊಸಾರ್ಟ್-ಮಾಟಿಚೆಕ್ ಜೊತೆ ಸೇರಿ, ವ್ಯಕ್ತಿತ್ವಕ್ಕೂ ಕ್ಯಾನ್ಸರ್ ಸಾವಿಗೂ ನಂಬಲಾಗದಷ್ಟು ದೊಡ್ಡ ನಂಟಿದೆ ಎಂದು ಲೇಖನಗಳ ಮೇಲೆ ಲೇಖನ ಬರೆದರು. 2019ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ವಿಚಾರಣೆ ನಡೆಸಿ ಇಬ್ಬರ 26 ಲೇಖನಗಳನ್ನು ನಂಬಲು ಯೋಗ್ಯವಲ್ಲ ಎಂದಿತು. ಹಲವು ಲೇಖನಗಳನ್ನು ಪತ್ರಿಕೆಗಳು ವಾಪಸ್ ಪಡೆದವು. ದೊಡ್ಡ ಅಧ್ಯಯನಗಳು ಹೇಳುವುದೇ ಬೇರೆ. ಸ್ವೀಡನ್ ಮತ್ತು ಫಿನ್‌ಲೆಂಡಿನ 59,548 ಜನರನ್ನು ಹಿಂಬಾಲಿಸಿ ನೋಡಿದ 2010ರ ಅಧ್ಯಯನದಲ್ಲಿ ಹೊರಮುಖತೆಗಾಗಲಿ ಕದಡುವ ಮನಸ್ಸಿಗಾಗಲಿ ಕ್ಯಾನ್ಸರ್ ಬರುವುದರ ಜೊತೆ ನಂಟು ಸಿಗಲಿಲ್ಲ. ಆರು ಅಧ್ಯಯನಗಳ 42,843 ಜನರ ಲೆಕ್ಕ ಹಾಕಿದ 2014ರ ವರದಿಯಲ್ಲಿ ಐದು ಗುಣಗಳಲ್ಲಿ ಯಾವುದಕ್ಕೂ ಸಿಗಲಿಲ್ಲ.

ಗುಣವಾಗುವುದರ ಬಗ್ಗೆಯೂ ಇಂಥದೇ ಕಥೆ. ಗ್ರೀರ್ ತಂಡ 1979ರಲ್ಲಿ ಸ್ತನ ಕ್ಯಾನ್ಸರ್ ಇದ್ದ ಹೆಂಗಸರನ್ನು ನಾಲ್ಕು ಗುಂಪು ಮಾಡಿತು. ಅದರಲ್ಲಿ ಒಂದರ ಹೆಸರೇ 'ಸ್ಟೋಯಿಕ್ ಒಪ್ಪಿಗೆ'. ಹೋರಾಟದ ಮನೋಭಾವ ಇದ್ದವರು, 'ನನಗೇನೂ ಆಗಿಲ್ಲ' ಎಂದು ತಳ್ಳಿಹಾಕಿದವರು ಐದು ವರ್ಷದ ಕೊನೆಗೆ ಹೆಚ್ಚು ಚೆನ್ನಾಗಿದ್ದರು ಎಂದಿತು. ಗುಂಪು ಚಿಕ್ಕದು. 1999ರಲ್ಲಿ ವ್ಯಾಟ್ಸನ್ ಮತ್ತು ಜೊತೆಯವರು, ಗ್ರೀರ್ ಸಹ ಅದರಲ್ಲಿದ್ದರು, 578 ಹೆಂಗಸರಲ್ಲಿ ಮತ್ತೆ ನೋಡಿದಾಗ ಹೋರಾಟದ ಮನೋಭಾವದಿಂದ ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ತೀರಾ ಕೈಚೆಲ್ಲಿದವರಲ್ಲಿ, ಖಿನ್ನತೆ ಹೆಚ್ಚಿದ್ದವರಲ್ಲಿ ಕೆಟ್ಟ ಪರಿಣಾಮ ಕಂಡಿತು. ಅದಕ್ಕೇ ಖಿನ್ನತೆಗೆ ಚಿಕಿತ್ಸೆ ಕೊಡಬೇಕು. 'ಧೈರ್ಯವಾಗಿದ್ದರೆ ಗೆಲ್ತೀರಿ' ಅಂತ ಬೆನ್ನು ತಟ್ಟುವ ಅಗತ್ಯವಿಲ್ಲ. ಗೆಲ್ಲದವರ ಮೇಲೆ ಅದು ಇನ್ನೊಂದು ಹೊರೆ.

ಆ ಹೆಂಗಸಿಗೆ ನಾನು ಹೇಳಿದ್ದು ಇಷ್ಟೇ. "ಇಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೋವಿದ್ದಾಗ ಹೇಳ್ಲಿ ಅಂತಷ್ಟೇ ಇದನ್ನ ಕೇಳ್ತಿದೀನಿ." ಈಗ ಪ್ರಶ್ನೆ ಶುರುವಾಗುವ ಮುಂಚೆಯೇ ಈ ಮಾತು ಹೇಳುತ್ತೇವೆ. ಕೇಳುವ ತನಕ ಕಾಯುವುದಿಲ್ಲ.

ಅಂಕಗಳನ್ನು ಓದುವುದರಲ್ಲಿ ನನ್ನ ಹಟ ಒಂದೇ: ಒಟ್ಟು ಅಂಕ ಬೇಡ. ಒಂದೇ ಮೊತ್ತ ಬಂದ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಒಬ್ಬರಿಗೆ 'ಕದಡದೆ ಶಾಂತ' ಭಾಗದಲ್ಲಿ ಎಲ್ಲ ಅಂಕ, ಬಾಯಿ ಬಿಡುವುದರಲ್ಲಿ ಸಂಕೋಚವೇ ಇಲ್ಲ. ನೋವಾದರೆ ನೋವು ಅನ್ನುತ್ತಾರೆ, ಮಾತ್ರೆ ಕೇಳುತ್ತಾರೆ, ನಿದ್ದೆ ಮಾಡುತ್ತಾರೆ. ಇನ್ನೊಬ್ಬರು ಬಾಯಿ ಬಿಡುವುದೇ ಇಲ್ಲ, ಒಳಗೆ ಕುದಿಯುತ್ತಿರುತ್ತಾರೆ. ಮೊದಲನೆಯವರು ಎಪಿಕ್ಟೀಟಸ್‌ಗೆ ಹತ್ತಿರ. ಎರಡನೆಯವರು ನಮ್ಮ ಡಾಕ್ಟರು ಗೊಣಗಿದ 'ಎರಡು ಅಂಕದ ನೋವಿನವರು'. ಇಬ್ಬರನ್ನೂ ಕೂಡಿ ಒಂದು ಸಂಖ್ಯೆ ಮಾಡಿದರೆ ಏನು ಸಿಗುತ್ತದೆ?

ಎರಡನೆಯವರ ಆತಂಕ, ಖಿನ್ನತೆಯ ಅಂಕವೂ ಮೋಸ ಮಾಡುತ್ತದೆ. ಜಿಗ್ಮಂಡ್ ಮತ್ತು ಸ್ನೇತ್ 1983ರಲ್ಲಿ ಮಾಡಿದ ಹ್ಯಾಡ್ಸ್ ಎಂಬ ಆತಂಕ-ಖಿನ್ನತೆಯ ಪ್ರಶ್ನಾವಳಿ ನಮ್ಮಲ್ಲಿ ನಿತ್ಯದ ಬಳಕೆಯದು. 14 ಪ್ರಶ್ನೆ. ಹಸಿವು, ಸುಸ್ತಿನಂಥ ದೇಹದ ಲಕ್ಷಣಗಳನ್ನು ಬೇಕೆಂದೇ ಬಿಟ್ಟಿದ್ದಾರೆ, ಕಾಯಿಲೆ ಇರುವವರಲ್ಲಿ ಅವು ಹೇಗೂ ಇರುತ್ತವೆ ಅಂತ. ಒಳ್ಳೆಯ ಯೋಚನೆ. ಆದರೆ ಮನಸ್ಸಿನ ಮಾತು ಹೇಳದವರ ವಿಷಯದಲ್ಲಿ ದೇಹವೊಂದೇ ಸಾಕ್ಷಿ, ಅದನ್ನೂ ಬಿಟ್ಟ ಹಾಗಾಯಿತು. ಆದ್ದರಿಂದ 'ಬಾಯಿ ಬಿಡದ' ಭಾಗದಲ್ಲಿ ಅಂಕ ಹೆಚ್ಚಿದ್ದು ಹ್ಯಾಡ್ಸ್ ತೀರಾ ಕಡಿಮೆ ಬಂದರೆ ನಾನು ಸಮಾಧಾನ ಪಡುವುದಿಲ್ಲ. ಹೋಗಿ ಕೂತು ಬೇರೆ ರೀತಿ ಕೇಳುತ್ತೇನೆ. ರಾತ್ರಿ ಎಷ್ಟು ಸಲ ಎದ್ದಿರಿ? ಮಗ್ಗುಲು ಬದಲಿಸುವಾಗ ಏನಾಗುತ್ತದೆ? ಸ್ನಾನಕ್ಕೆ ಯಾರಾದರೂ ಬೇಕಾ?

ಇದರಿಂದ ವಾರ್ಡಿಗೆ ಸಿಕ್ಕ ಅತಿ ದೊಡ್ಡ ಲಾಭ ಒಂದು ಪದ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ್ದ ಒಬ್ಬರು. ನೋವು ಎಷ್ಟು ಅಂದರೆ ದಿನವೂ "ನೋವೇನಿಲ್ಲ". ಒಂದು ದಿನ ನಾನು ಕೇಳಿದೆ, "ಉರಿ ಇದೆಯಾ ಸರ್? ಸೆಳೆತ? ಹಿಡಿದ ಹಾಗೆ? ಭಾರ?" "ಹ್ಞಾಂ, ಸೆಳೆತ ಇದೆ. ರಾತ್ರಿ ಪೂರ್ತಿ ಸೆಳೀತದೆ." "ಅದಕ್ಕೆ ಎಷ್ಟು ಕೊಡ್ತೀರಿ, ಹತ್ತರಲ್ಲಿ?" "ಎಂಟು." ಅವರ ಪ್ರಕಾರ ನೋವು ಅಂದರೆ ಕೂಗುವಂಥದು. ಇದು ಕೂಗುವಂಥದಲ್ಲ, ಹಾಗಾಗಿ ನೋವಲ್ಲ. ಅವತ್ತೇ ಔಷಧಿ ಬದಲಾಯಿತು. ಈಗ ನರ್ಸ್‌ಗಳ ಚಾರ್ಟಿನಲ್ಲಿ 'ನೋವು' ಪದದ ಕೆಳಗೆ ಉರಿ, ಸೆಳೆತ, ಹಿಡಿತ, ಚುಚ್ಚು, ಭಾರ ಎಂದೂ ಬರೆದಿದೆ.

ಅಂಕಿಅಂಶದ ಕೆಲಸ ಇನ್ನೂ ನಡೆಯುತ್ತಿದೆ. ಎರಡು ವಾರ ಬಿಟ್ಟು ಅದೇ ಜನರನ್ನು ಅದೇ ಪ್ರಶ್ನೆ ಕೇಳಿದಾಗ ಕೆಲವರ ಉತ್ತರ ಬದಲಾಯಿತು. ಅಳತೆಗೋಲು ಅಲುಗಾಡುತ್ತಿದೆಯಾ, ನಡುವೆ ಬಂದ ಸ್ಕ್ಯಾನ್ ರಿಪೋರ್ಟ್ ಅವರನ್ನು ಬದಲಿಸಿತಾ? ಗಂಡಸರ ಅಂಕ ಹೆಚ್ಚು ಬರುವುದು 1995ರ ಆ ಲಿವರ್‌ಪೂಲ್ ಸ್ಕೇಲ್‌ನಿಂದಲೂ ಕಂಡಿದೆ. ಆದರೆ 'ಅಳು ನುಂಗುತ್ತೇನೆ' ಎಂಬುದನ್ನು ಗಂಡಸರೂ ಹೆಂಗಸರೂ ಒಂದೇ ಅರ್ಥದಲ್ಲಿ ಓದುತ್ತಾರಾ ಅಂತ ಮೊದಲು ತೋರಿಸಬೇಕು. ಅದಕ್ಕೆ ಇನ್ನೂ ಬಹಳ ಜನ ಬೇಕು.

ಸದ್ಯಕ್ಕೆ ಜಗಳ ಇರುವುದು ಸಾವಿನ ಮೂರು ಹೇಳಿಕೆಗಳ ಬಗ್ಗೆ. ನಮ್ಮ ಅಂಕಿಅಂಶ ನೋಡಿಕೊಳ್ಳುವ ಸಹೋದ್ಯೋಗಿ, ಅವುಗಳನ್ನು ತೆಗೆದರೆ ಇದು ಬೇರೆಯೇ ಅಳತೆಗೋಲಾಗುತ್ತದೆ, ಬೇರೆಯವರ ಫಲಿತಾಂಶದ ಜೊತೆ ಹೋಲಿಸಲು ಬರುವುದಿಲ್ಲ ಅನ್ನುತ್ತಾರೆ. ಅವರು ಹೇಳುವುದು ಸರಿ. ಕಾಯಿಲೆ ಗೊತ್ತಾದ ಮೊದಲ ತಿಂಗಳಲ್ಲಿ ಆ ಮೂರನ್ನು ಯಾರಿಗೂ ಓದಿ ಹೇಳಲಾರೆ ಅಂತ ನಾನು. ಸೋಮವಾರ ಮತ್ತೆ ಕೂರುತ್ತೇವೆ.